‘ತಾನೆ’ ಇಲ್ಲದ ಪ್ರಶ್ನೆ

ಜೂನ್ ೧೨

ಅತ್ತೆ,

ತಲುಪಿದೆ. ಬಸ್ಸಿನ ಕಿಟಕಿಯ ಹತ್ತಿರ ನಿಂತು ನೀವು “ಹೋದ ತಕ್ಷಣ ಬರಿ, ಫೋನು ಗೀನು ಬೇಡ” ಎಂದಿರಲ್ಲ, ಅದಕ್ಕೇ ಈ ಕಾಗದ. ತೊಳೆಯುವ ಯಂತ್ರದ ಪಕ್ಕ ನಿಂತೂ ನಿಂತೂ ನಿಮ್ಮ ಕಿವಿ ಮಂದವಾಗಿದೆ. ನನಗೋ ಫೋನು ಕೈಗೆ ಬಂದರೆ ನಾಲಿಗೆ ಒಣಗುತ್ತದೆ. ಬರೆಯುವುದೇ ವಾಸಿ.

ಕೋಣೆ ಒಂದು ಸೈಕಲ್ ರಿಪೇರಿ ಅಂಗಡಿಯ ಮೇಲಿದೆ. ಮೆಟ್ಟಿಲಿಗೆಲ್ಲ ರಬ್ಬರಿನ ವಾಸನೆ. ಅಂಗಡಿ ನಡೆಸುವುದು ಮನೆಯೊಡತಿಯೇ. ಗಟ್ಟಿ ಹೆಂಗಸು, ಚಕ್ರವನ್ನು ತಟ್ಟೆಯ ಹಾಗೆ ತಿರುಗಿಸುತ್ತಾಳೆ. ನನ್ನ ಪೆಟ್ಟಿಗೆಯನ್ನು ನನಗಿಂತ ಮೊದಲು ಮೇಲೆ ಹೊತ್ತೊಯ್ದಳು. ಕೋಣೆಯಲ್ಲಿ ಎರಡು ಮಂಚಗಳಿವೆ. ಒಂದನ್ನು ತೆಗೆಸಲೇ ಎಂದು ಕೇಳಿದಳು. ಇರಲಿ, ಬಟ್ಟೆ ಇಡುತ್ತೇನೆ ಎಂದೆ.

ತರಗತಿ ನಡೆಯುವುದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಹಳೆಯ ಕಡತಗಳ ಕೋಣೆಯ ಪಕ್ಕ. ಮೊದಲ ದಿನ ನಾನು ಒಳಗೆ ಹೋದ ಕೂಡಲೇ ಎಲ್ಲರೂ ಎದ್ದು ನಿಂತು “ಗುಡ್ ಮಾರ್ನಿಂಗ್ ಮೇಡಂ” ಎಂದರು. ಎಲ್ಲರೂ ಕಾಲೇಜಿನಿಂದ ನೇರವಾಗಿ ಬಂದ ಮಕ್ಕಳು. ನಾನು ಹೋಗಿ ಕೊನೆಯ ಬೆಂಚಿನಲ್ಲಿ ಕೂತೆ. ಆಗಲೂ ಒಬ್ಬಳು ಹಿಂದೆ ತಿರುಗಿ, “ಹಾಜರಿ ತಗೊಳ್ಳಲ್ವಾ ಮೇಡಂ?” ಎಂದಳು.

ನಿಜವಾದ ಮೇಡಂ ಆಮೇಲೆ ಬಂದರು. ಕುಳ್ಳಗಿದ್ದಾರೆ, ಕನ್ನಡಕವನ್ನು ತಲೆಯ ಮೇಲೆ ಇಟ್ಟುಕೊಂಡು ಮೇಜಿನ ಮೇಲೆ ಹುಡುಕುತ್ತಾರೆ. ಆರೋಗ್ಯ ಮಾಹಿತಿ ನಿರ್ವಹಣೆ ಎಂದರೆ ಏನೆಂದು ಯಾರೋ ಕೇಳಿದ್ದಕ್ಕೆ, “ರೋಗೀನ ಡಾಕ್ಟರು ನೋಡ್ಕೊಳ್ತಾರೆ. ರೋಗಿ ಬಗ್ಗೆ ಬರೆದದ್ದನ್ನ ನಾವು ನೋಡ್ಕೊಳ್ತೀವಿ. ರೋಗಿ ಮನೆಗೆ ಹೋಗ್ತಾನೆ, ಬರೆದದ್ದು ನಮ್ಮ ಹತ್ರಾನೇ ಇರುತ್ತೆ” ಎಂದರು. ಯಾವ ರೋಗಕ್ಕೆ ಯಾವ ಸಂಕೇತ, ಯಾವ ಕಾಗದ ಯಾರ ಕೈಗೆ ಹೋಗಬಹುದು, ಯಾರ ಕೈಗೆ ಹೋಗಬಾರದು, ಒಂದೇ ಹೆಸರಿನ ಇಬ್ಬರನ್ನು ಹೇಗೆ ಬೇರೆ ಮಾಡುವುದು, ಇದನ್ನೆಲ್ಲ ಕಲಿಸುತ್ತಾರಂತೆ. ನಮ್ಮ ಲಾಂಡ್ರಿಯಲ್ಲಿ ಇಬ್ಬರು ಮೇಷ್ಟರ ಬಿಳಿ ಅಂಗಿ ಅದಲು ಬದಲಾದದ್ದು ನೆನಪಾಯಿತು.

ತರಬೇತಿ ನವೆಂಬರಿಗೆ ಮುಗಿಯುತ್ತದೆ. ಆಮೇಲೆ ನಾನೆಲ್ಲಿ, ನೀವೆಲ್ಲಿ ಎನ್ನುವ ಮಾತು ಬಸ್ಸು ಹೊರಡುವ ತನಕ ನಮ್ಮಿಬ್ಬರ ಬಾಯಿಂದಲೂ ಬರಲಿಲ್ಲ. ಇರಲಿ.

ಅಂಗಡಿ ಒಬ್ಬರೇ ನೋಡಿಕೊಳ್ಳುತ್ತಿದ್ದೀರಿ. ಕಷ್ಟವಾಗುತ್ತಿಲ್ಲ ತಾನೆ?

ನಿಮ್ಮ ಸೊಸೆ


ಜೂನ್ ೨೦

ಮಾತಿನಮಲ್ಲಿ,

ಮದುವೆಯಾಗಿ ಬಂದು ಇಷ್ಟು ವರ್ಷದಲ್ಲಿ ನೀನು ಆಡಿದ ಮಾತನ್ನೆಲ್ಲ ಕೂಡಿಸಿದರೂ ಈ ಕಾಗದದಷ್ಟು ಆಗುವುದಿಲ್ಲ. ಎಲ್ಲಿ ಬಚ್ಚಿಟ್ಟಿದ್ದೆ ಇದನ್ನೆಲ್ಲ? ಓದಿ ಮಡಚಿ ಇಸ್ತ್ರಿ ಮೇಜಿನ ಕೆಳಗೆ ಇಟ್ಟಿದ್ದೇನೆ, ಗರಿಗರಿಯಾಗಿ ಇರಲಿ ಅಂತ.

ನನಗೆ ಒಂದಿಷ್ಟೂ ಕಷ್ಟವಿಲ್ಲ. ಇಸ್ತ್ರಿಗೆ ಒಬ್ಬನನ್ನು ಇಟ್ಟುಕೊಂಡಿದ್ದೇನೆ. ಹಿಂದೆ ಹಡಗಿನಲ್ಲಿ ಅಡುಗೆ ಮಾಡುತ್ತಿದ್ದವನಂತೆ. ನನಗೆ ತಮ್ಮನಾಗುವಷ್ಟು ವಯಸ್ಸು. ಸೂರ್ಯ ನೆತ್ತಿಗೆ ಬಂದ ಮೇಲೆ ಬರುತ್ತಾನೆ, ಮನಸ್ಸಾದಾಗ ಹೋಗುತ್ತಾನೆ. ನಾನು ಅವನಿಗೆ ದೊರೆ ಎಂದು ಹೆಸರಿಟ್ಟೆ. ಅವನಿಗೆ ಅದು ಬೈಗುಳ ಎಂದೇ ತಿಳಿಯಲಿಲ್ಲ, ಖುಷಿಪಟ್ಟ. ಬೆಲೆಬಾಳುವ ಕೋಟನ್ನು ಆಮ್ಲೆಟ್ ಮಗುಚುವ ಹಾಗೆ ಮಗುಚುತ್ತಾನೆ. “ಅಮ್ಮಾ, ಬೆಂಕಿ ಮುಂದೆ ನಿಂತ್ಕೊಳ್ಳೋದು ನಂಗೆ ಹೊಸದಲ್ಲ” ಅನ್ನುತ್ತಾನೆ. ಬೆಂಕಿಗೆ ಹೊಸದಲ್ಲ ಸರಿ, ಬಟ್ಟೆಗೆ ಹೊಸಬ.

ಬ್ರೆಡ್ಡಿನಂಗಡಿಯವಳು ದಿನಾ ಕೇಳುತ್ತಾಳೆ. “ಸೊಸೆ ವಾಪಸ್ ಬರ್ತಾಳಾ?” ಅಂತ. “ವಾಪಸ್ ಬರ್ಲಿ ಅಂತ ಯಾರಾದ್ರೂ ಕಳಿಸ್ತಾರಾ?” ಎಂದೆ. ಬ್ರೆಡ್ಡು ಕಟ್ಟಿಕೊಡತೊಡಗಿದಳು.

ಆ ಮಕ್ಕಳ ಜೊತೆ ನೀನೂ ನಗುತ್ತಿರು. ವಯಸ್ಸಾದವಳು ಎಂದು ಮುದುಡಿ ಕೂರಬೇಡ. ಮೂವತ್ತೆಂಟು ಒಂದು ವಯಸ್ಸೇ? ಹೊಟ್ಟೆ ತುಂಬ ತಿನ್ನುತ್ತಿದ್ದೀಯ ತಾನೆ?

ಅತ್ತೆ


ಜುಲೈ ೯

ಅತ್ತೆ,

ತಿನ್ನುತ್ತಿದ್ದೇನೆ. ಮನೆಯೊಡತಿ ಕೆಳಗಿನಿಂದ ಸೈಕಲ್ ಗಂಟೆ ಬಾರಿಸಿ ಕರೆಯುತ್ತಾಳೆ, ಮೊಟ್ಟೆ ಬ್ರೆಡ್ಡು ಕೊಡುತ್ತಾಳೆ. ಬೇಡವೆಂದರೆ ಇನ್ನೊಮ್ಮೆ ಗಂಟೆ ಬಾರಿಸುತ್ತಾಳೆ.

ಈಗ ಸಂಕೇತ ಬರೆಯುವುದನ್ನು ಕಲಿಸುತ್ತಿದ್ದಾರೆ. ಡಾಕ್ಟರು ಬರೆದದ್ದನ್ನು ಓದಿ, ಪ್ರತಿಯೊಂದು ರೋಗಕ್ಕೂ ಪೆಟ್ಟಿಗೂ ಅದರದೇ ಅಕ್ಷರ, ಅಂಕಿ ಹಾಕಬೇಕು. ಜಗತ್ತಿನಲ್ಲಿ ಮನುಷ್ಯನಿಗೆ ಆಗಬಹುದಾದದ್ದೆಲ್ಲ ಅದರಲ್ಲಿ ಇದೆ ಅತ್ತೆ. ಮಂಚದಿಂದ ಬಿದ್ದರೆ ಒಂದು, ಕುರ್ಚಿಯಿಂದ ಬಿದ್ದರೆ ಇನ್ನೊಂದು. ಬಾತುಕೋಳಿ ಕಚ್ಚಿದರೆ ಅದಕ್ಕೂ ಬೇರೆಯೇ ಒಂದಿದೆ. ಅದನ್ನು ಓದಿ ಇಡೀ ತರಗತಿ ನಕ್ಕಿತು. ನಾನೂ ನಕ್ಕೆ.

ಒಂದೇ ಒಂದು ನಿಯಮ, ಬರೆದಿದ್ದರೆ ಉಂಟು, ಬರೆದಿಲ್ಲದಿದ್ದರೆ ಇಲ್ಲ. ನಮಗೆ ಎಷ್ಟೇ ಗೊತ್ತಾದರೂ ಊಹಿಸಿ ಬರೆಯುವ ಹಾಗಿಲ್ಲ. ನಾನು ಮೊದಲ ವಾರ ಒಬ್ಬ ಕಾಲ್ಪನಿಕ ರೋಗಿಗೆ ಸಕ್ಕರೆ ಕಾಯಿಲೆಯ ಸಂಕೇತ ಹಾಕಿದೆ. ಅವನು ತಗೊಳ್ಳುವ ಔಷಧ ಸಕ್ಕರೆ ಕಾಯಿಲೆಯದೇ ಆಗಿತ್ತು. ಮೇಡಂ ಕೆಂಪು ಗೆರೆ ಎಳೆದು, “ನೀವೇನು ಡಾಕ್ಟರಾ?” ಎಂದರು. ಇಲ್ಲ ಮೇಡಂ, ಇಸ್ತ್ರಿಯವಳು ಎಂದೆ. ಅವರಿಗೂ ನಗು ಬಂತು.

ಕಳೆದ ವಾರ ಸಾವಿನ ಪ್ರಮಾಣಪತ್ರದ ಪಾಠವಾಯಿತು. ಅದು ಸ್ವಲ್ಪ ಉದ್ದದ ಪಾಠ. ನಡುವೆ ನನ್ನ ಕಣ್ಣಿಗೆ ಏನೋ ಬಿದ್ದು ನೀರು ಬರತೊಡಗಿತು, ಎದ್ದು ಹೊರಗೆ ಹೋಗಬೇಕಾಯಿತು. ಹಾಗಾಗಿ ಪೂರ್ತಿ ಕೇಳಿಸಿಕೊಳ್ಳಲಿಲ್ಲ.

ದೊರೆಗೆ ಹೇಳಿ, ಉಣ್ಣೆಯ ಬಟ್ಟೆಯ ಮೇಲೆ ಒದ್ದೆ ಬಟ್ಟೆ ಹಾಸದೆ ಇಸ್ತ್ರಿ ಇಡಬಾರದು ಎಂದು.

ನಿಮ್ಮ ಸೊಸೆ


ಜುಲೈ ೧೮

ಮಾತಿನಮಲ್ಲಿ,

ಕಣ್ಣನ್ನು ಉಜ್ಜಬೇಡ! ದಿನವೆಲ್ಲ ಕಂಪ್ಯೂಟರನ್ನು ನೋಡಿದರೆ ಕಣ್ಣಲ್ಲಿ ನೀರು ಬಾರದೆ ಜೇನು ಬರುತ್ತದೆಯೇ? ನಾಳೆಯೇ ಹೋಗಿ ತೋರಿಸು. ಆಸ್ಪತ್ರೆಯಲ್ಲೇ ಇದ್ದುಕೊಂಡು ಕಣ್ಣಿನ ಡಾಕ್ಟರಿಗೆ ತೋರಿಸದವಳನ್ನು ಏನೆನ್ನಬೇಕು? ಬಾವಿಯ ಕಟ್ಟೆ ಮೇಲೆ ಕೂತು ಬಾಯಾರಿಕೆ ಎಂದಳಂತೆ. ನಿನಗೆ ಕನ್ನಡಕ ಬರಬಹುದು, ಬಂದರೆ ಬರಲಿ. ಕಪ್ಪು ಅಂಚಿನದು ಬೇಡ, ನಿನ್ನ ಮುಖಕ್ಕೆ ಭಾರ.

ಬಾತುಕೋಳಿಯ ವಿಷಯ ದೊರೆಗೆ ಓದಿ ಹೇಳಿದೆ. “ಅತ್ತೆ ಕಚ್ಚಿದ್ರೆ ಯಾವ ನಂಬರು ಅಂತ ಕೇಳಿ” ಅಂದ. ಸೊಸೆ ಕಚ್ಚಿದರೆ ಯಾವುದು ಅಂತ ನಾನು ಕೇಳುತ್ತಿದ್ದೇನೆ. ಎರಡನ್ನೂ ನೋಡಿ ಬರಿ. ನೀನು ಹೇಳಿದ ಉಣ್ಣೆಯ ಬುದ್ಧಿಮಾತು ತಲುಪುವ ಹೊತ್ತಿಗೆ ಬ್ಯಾಂಕಿನ ಗುಮಾಸ್ತನ ಪ್ಯಾಂಟಿನ ಮೇಲೆ ಇಸ್ತ್ರಿಪೆಟ್ಟಿಗೆಯ ಪಡಿಯಚ್ಚು ಮೂಡಿಯಾಗಿತ್ತು.

ನನ್ನ ತಂಗಿ ಬರೆದಿದ್ದಾಳೆ. “ಅಕ್ಕಾ, ಇನ್ನು ಆ ಅಂಗಡಿ ಯಾಕೆ, ಇಲ್ಲಿಗೇ ಬಂದುಬಿಡು, ನಮ್ಮ ಮನೆಯಿಂದ ಸಮುದ್ರ ಕಾಣುತ್ತೆ” ಎಂದು. ಸಮುದ್ರ ಎಲ್ಲಿಗೂ ಓಡಿಹೋಗುವುದಿಲ್ಲವಲ್ಲ, ನೋಡೋಣ ಎಂದು ಬರೆದೆ. ಸುಮ್ಮನೆ ನಿನಗೂ ತಿಳಿದಿರಲಿ ಎಂದು ಹೇಳಿದೆ.

ನಿನ್ನ ಕಾಗದ ನೋಡಿದರೆ ನಿನಗೆ ಅಲ್ಲಿ ಹಿಡಿಸಿದೆ. ದೊಡ್ಡ ಆಸ್ಪತ್ರೆ, ದೊಡ್ಡ ಊರು. ಅಲ್ಲೇ ಕೆಲಸ ಸಿಕ್ಕರೆ ಒಳ್ಳೆಯದೇ ಅಲ್ಲವೇ?

ಅತ್ತೆ


ಸೆಪ್ಟೆಂಬರ್ ೨

ಅತ್ತೆ,

ತಡವಾಯಿತು. ಆಗಸ್ಟ್ ಪೂರ್ತಿ ಕಾಗದ ಹಾಕಲಿಲ್ಲ. ನಿಮ್ಮಿಂದಲೂ ಬರಲಿಲ್ಲವಾದ್ದರಿಂದ ಅಂಗಡಿಯಲ್ಲಿ ಕೆಲಸ ಹೆಚ್ಚಿರಬೇಕು ಎಂದುಕೊಂಡೆ.

ಕಣ್ಣು ಸರಿಯಿದೆ. ಕನ್ನಡಕ ಬೇಡವಂತೆ.

ತರಗತಿ ಮುಗಿದು ಈಗ ಆಸ್ಪತ್ರೆಯ ಕೆಲಸದಲ್ಲೇ ಅಭ್ಯಾಸ ಮಾಡುತ್ತಿದ್ದೇವೆ. ಬೆಳಿಗ್ಗೆ ವಾರ್ಡುಗಳಿಂದ ಬಿಡುಗಡೆಯಾದವರ ಕಡತಗಳು ಬರುತ್ತವೆ. ಪುಟಗಳು ಕ್ರಮವಾಗಿವೆಯೇ, ಸಹಿ ಬಿಟ್ಟುಹೋಗಿದೆಯೇ ನೋಡಬೇಕು. ಡಾಕ್ಟರುಗಳ ಅಕ್ಷರದ ಬಗ್ಗೆ ಹೇಳುವುದೇ ಬೇಡ. ಒಬ್ಬರ ಬರಹ ಇರುವೆ ಶಾಯಿಯಲ್ಲಿ ಬಿದ್ದು ಎದ್ದು ನಡೆದ ಹಾಗಿದೆ. ನನಗೆ ಪಕ್ಕದವಳು, ಮೊದಲ ದಿನ ಹಾಜರಿ ಕೇಳಿದ ಹುಡುಗಿ, ಸಹಾಯ ಮಾಡುತ್ತಾಳೆ. ನಾನು ಅವಳ ಊಟದ ಡಬ್ಬಿ ತೊಳೆದುಕೊಡುತ್ತೇನೆ. ಅವಳೀಗ ನನ್ನನ್ನು “ಹಾಜರಿ ಮೇಡಂ” ಎಂದೇ ಕರೆಯುತ್ತಾಳೆ.

ಇಲ್ಲಿ ಒಂದು ಹುದ್ದೆ ಖಾಲಿಯಾಗುತ್ತದೆಯಂತೆ. ಪರೀಕ್ಷೆ ಪಾಸಾದರೆ ಅರ್ಜಿ ಹಾಕಿ ಎಂದು ಮೇಡಂ ಹೇಳಿದರು. ನೀವು ಹೇಳಿದ್ದು ಸರಿ. ಇಲ್ಲಿ ಚೆನ್ನಾಗಿದೆ. ಕೆಲಸ ಸಿಕ್ಕರೆ ಒಳ್ಳೆಯದೇ.

ನೀವು ಚಿಕ್ಕತ್ತೆಯ ಮನೆಗೆ ಹೋಗಬೇಕೆಂದಿದ್ದರೆ ನನ್ನಿಂದಾಗಿ ತಡೆಯಬೇಡಿ. ನಾನು ಅಡ್ಡಿಯಾಗಬಾರದು. ಸಮುದ್ರದ ಗಾಳಿ ನಿಮಗೆ ಒಳ್ಳೆಯದು. ನಿಮಗೂ ಅದೇ ಇಷ್ಟ ಅಲ್ಲವೇ?

ನಿಮ್ಮ ಸೊಸೆ


ಸೆಪ್ಟೆಂಬರ್ ೧೦

ಸೊಸೆಗೆ,

ನಿನ್ನ ಕಾಗದ ತಲುಪಿತು. ಹುದ್ದೆಯ ವಿಷಯ ತಿಳಿದು ಸಂತೋಷವಾಯಿತು. ಅರ್ಜಿ ಹಾಕು.

ಹೌದು, ತಂಗಿಯ ಮನೆಗೆ ಹೋಗುವುದೇ ಸರಿ ಎಂದು ನನಗೂ ಅನಿಸುತ್ತದೆ. ಅವಳಿಗೆ ಬರೆಯುತ್ತೇನೆ. ಅಂಗಡಿಯನ್ನು ದೊರೆ ನಡೆಸುತ್ತೇನೆ ಎನ್ನುತ್ತಿದ್ದಾನೆ. ನಿನ್ನ ಬಟ್ಟೆ, ಪುಸ್ತಕ ಒಂದು ಪೆಟ್ಟಿಗೆಗೆ ತುಂಬಿಸಿ ಇಡಿಸುತ್ತೇನೆ. ಎಲ್ಲಿಗೆ ಕಳಿಸಬೇಕೆಂದು ತಿಳಿಸು.

ಆರೋಗ್ಯ ನೋಡಿಕೋ.

ಅತ್ತೆ


ಅಕ್ಟೋಬರ್ ೫

ಅತ್ತೆ,

ನಿಮ್ಮ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯಲು ಮೂರು ಸಲ ಕೂತೆ. ಪೆಟ್ಟಿಗೆಯನ್ನು ಎಲ್ಲಿಗೆ ಕಳಿಸಬೇಕೆಂದು ಬರೆಯಲು ಕೈ ಏಳಲಿಲ್ಲ.

ನಿನ್ನೆ ಕೆಲಸದಲ್ಲಿ ಒಂದು ಪೆಟ್ಟು ಬಿತ್ತು. ಅದನ್ನು ಮೊದಲು ಹೇಳುತ್ತೇನೆ.

ಬರೆದಿಲ್ಲದ್ದನ್ನು ಊಹಿಸಬಾರದು ಎಂದೆನಲ್ಲ. ಹಾಗಾದರೆ ಡಾಕ್ಟರು ಏನನ್ನಾದರೂ ಬರೆಯದೆ ಬಿಟ್ಟಿದ್ದಾರೆ ಎನಿಸಿದಾಗ ಏನು ಮಾಡಬೇಕು? ಅವರನ್ನು ಕೇಳಬೇಕು, ಬರವಣಿಗೆಯಲ್ಲಿ. ನನ್ನ ಕೈಗೆ ಬಂದ ಕಡತದಲ್ಲಿ ಒಬ್ಬ ಮುದುಕರಿಗೆ ಜ್ವರವಿತ್ತು, ಕೆಮ್ಮಿತ್ತು, ಎದೆಯ ಎಕ್ಸ್‌ರೇಯಲ್ಲಿ ಮಬ್ಬಿತ್ತು, ಔಷಧವೂ ನಡೆದಿತ್ತು. ರೋಗದ ಹೆಸರು ಮಾತ್ರ ಎಲ್ಲೂ ಇರಲಿಲ್ಲ. ನಾನು ಡಾಕ್ಟರಿಗೆ ಚೀಟಿ ಬರೆದೆ, “ಈ ರೋಗಿಗೆ ನ್ಯುಮೋನಿಯಾ ಇತ್ತು ತಾನೆ?” ಎಂದು. ಅವರು “ಹೌದು” ಎಂದು ಗೀಚಿ ಕಳಿಸಿದರು. ಖುಷಿಯಿಂದ ಮೇಡಂಗೆ ತೋರಿಸಿದೆ.

ಮೇಡಂ ಚೀಟಿಯನ್ನು ಮೇಜಿನ ಮೇಲೆ ಮಗುಚಿ ಇಟ್ಟರು. “ಇದು ಪ್ರಶ್ನೆ ಅಲ್ಲ. ಉತ್ತರಾನ ಹೊಟ್ಟೇಲಿ ಇಟ್ಕೊಂಡು ಬಂದಿದೆ. ‘ತಾನೆ’ ಅಂದ್ರೆ ಅವರಿಗೆ ಹೌದು ಅನ್ನೋದು ಬಿಟ್ಟು ಬೇರೆ ದಾರಿ ಎಲ್ಲಿದೆ? ಅವರಿಗೆ ಕೆಲಸ ಇರುತ್ತೆ, ನಿಮ್ಮ ಮನಸ್ಸು ನೋಯಿಸೋದು ಯಾಕೆ ಅಂತಾನೂ ಇರುತ್ತೆ. ಹೌದು ಅಂತಾರೆ. ನಿಜ ಏನು ಅನ್ನೋದು ನಿಮಗೆ ಗೊತ್ತೇ ಆಗಲ್ಲ” ಎಂದರು. ಈ ಮನೆಯಲ್ಲಿ, ಅಂದರೆ ಈ ವಿಭಾಗದಲ್ಲಿ, ‘ತಾನೆ’, ‘ಅಲ್ಲವೇ’ ಎರಡೂ ನಿಷಿದ್ಧ ಎಂದರು. ಕಂಡದ್ದನ್ನು ಕಂಡಂತೆ ಬರೆಯಬೇಕು. ಆಮೇಲೆ, ಏನೆಂದು ತಿಳಿಸಿ ಎಂದು ಬಿಡಬೇಕು. ಉತ್ತರಕ್ಕೆ ಕೆಲವು ಆಯ್ಕೆ ಕೊಟ್ಟರೆ, ಕೊನೆಯಲ್ಲಿ ‘ಬೇರೆ’ ಎಂದೂ ಇರಬೇಕು, ‘ಹೇಳಲು ಸಾಧ್ಯವಿಲ್ಲ’ ಎಂದೂ ಇರಬೇಕು. ಇಲ್ಲದಿದ್ದರೆ ಅದು ಬಲವಂತ.

ಕೋಣೆಗೆ ಬಂದು ನಿಮ್ಮ ಕಾಗದಗಳನ್ನೆಲ್ಲ ತೆಗೆದು ಓದಿದೆ. ನಾನು ಬರೆದದ್ದೂ ನೆನಪಿತ್ತು. ಕಷ್ಟವಾಗುತ್ತಿಲ್ಲ ತಾನೆ. ತಿನ್ನುತ್ತಿದ್ದೀಯ ತಾನೆ. ಒಳ್ಳೆಯದೇ ಅಲ್ಲವೇ. ನಿಮಗೂ ಅದೇ ಇಷ್ಟ ಅಲ್ಲವೇ. ಜೂನ್‌ನಿಂದ ನಾವಿಬ್ಬರೂ ಒಬ್ಬರನ್ನೊಬ್ಬರು ಒಂದು ಪ್ರಶ್ನೆಯನ್ನೂ ಕೇಳಿಲ್ಲ ಅತ್ತೆ.

ಅದಕ್ಕೆ ಈಗ ಕಲಿತ ಹಾಗೆ ಕೇಳುತ್ತೇನೆ. ನಗಬೇಡಿ.

ದಾಖಲಾಗಿರುವುದು: ಸೆಪ್ಟೆಂಬರ್ ಹತ್ತರ ಕಾಗದದಲ್ಲಿ ಒಂದೂ ಗಾದೆಯಿಲ್ಲ, ಬೈಗುಳವಿಲ್ಲ. ದೊರೆ ಏನನ್ನೂ ಸುಟ್ಟಿಲ್ಲ. “ಮಾತಿನಮಲ್ಲಿ” ಇದ್ದ ಜಾಗದಲ್ಲಿ “ಸೊಸೆಗೆ” ಎಂದಿದೆ. ಆಗಸ್ಟ್‌ನಲ್ಲಿ ಕಾಗದವೇ ಇಲ್ಲ.

ಪ್ರಶ್ನೆ: ನಿಮಗೆ ಏನಾಗಿದೆ? ನವೆಂಬರಿನ ನಂತರ ನೀವು ಎಲ್ಲಿ ಇರಲು ಬಯಸುತ್ತೀರಿ? ಚಿಕ್ಕತ್ತೆಯ ಮನೆ, ನಮ್ಮ ಅಂಗಡಿ, ಬೇರೆ, ಹೇಳಲು ಸಾಧ್ಯವಿಲ್ಲ.

ನನ್ನ ಕಡೆಯದನ್ನೂ ದಾಖಲಿಸುತ್ತೇನೆ, ಇಲ್ಲದಿದ್ದರೆ ನ್ಯಾಯವಲ್ಲ. ಕಣ್ಣಿಗೆ ಏನೂ ಬಿದ್ದಿರಲಿಲ್ಲ. ಸಾವಿನ ಪ್ರಮಾಣಪತ್ರದ ಪಾಠದಲ್ಲಿ ಮೇಡಂ, “ಹೃದಯ ನಿಂತಿದ್ದರಿಂದ ಅಂತ ಬರೆದ್ರೆ ಒಪ್ಪಬೇಡಿ, ಸತ್ತವರೆಲ್ಲರ ಹೃದಯಾನೂ ನಿಂತೇ ಇರುತ್ತೆ, ಅದು ಕಾರಣ ಅಲ್ಲ” ಎಂದರು. ನಿಮ್ಮ ಮಗನ ಪ್ರಮಾಣಪತ್ರದಲ್ಲಿ ಇದ್ದದ್ದೂ ಅದೊಂದೇ ಸಾಲು. ನಾವಿಬ್ಬರೂ ಅದನ್ನು ಓದಿ, ಮಡಚಿ, ಅದೇ ಉತ್ತರ ಎಂದುಕೊಂಡು ಒಂದು ವರ್ಷ ಕಳೆದೆವು. ಅಂದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತೆ. ಹಾಜರಿ ಹುಡುಗಿ ಬಂದು ಏನೂ ಕೇಳದೆ ಪಕ್ಕದಲ್ಲಿ ಕೂತಳು. ನಿಮಗೆ ಬರೆದರೆ ನಿಮಗೂ ಹಾಗೇ ಆಗುತ್ತದೆ, ಪಕ್ಕದಲ್ಲಿ ಕೂರಲು ಯಾರೂ ಇರುವುದಿಲ್ಲ ಎಂದು ಬರೆಯಲಿಲ್ಲ.

ಆಗಸ್ಟ್‌ನ ಪರೀಕ್ಷೆಯಲ್ಲಿ ಒಂದು ವಿಷಯದಲ್ಲಿ ಫೇಲಾದೆ. ಅದಕ್ಕೇ ಸುಮ್ಮನಿದ್ದೆ. ನವೆಂಬರಿನಲ್ಲಿ ಮತ್ತೆ ಬರೆಯುತ್ತೇನೆ.

ಬ್ರೆಡ್ಡಿನಂಗಡಿಯವಳಿಗೆ ನೀವು ಹೇಳಿದ ಮಾತನ್ನು ಬಹಳ ಸಲ ಓದಿದೆ. ನಾನು ವಾಪಸ್ ಬರುವುದು ನಿಮಗೆ ಬೇಡ ಎಂದೇ ಓದಿಕೊಂಡೆ.

ನಿಮ್ಮ ಸೊಸೆ


ಅಕ್ಟೋಬರ್ ೧೪

ಮಾತಿನಮಲ್ಲಿ,

ನಿನ್ನ ಪ್ರಶ್ನೆಗೆ ‘ಹೇಳಲು ಸಾಧ್ಯವಿಲ್ಲ’ ಎಂಬುದಕ್ಕೆ ಗುರುತು ಹಾಕಿದೆ. ಹಾಕಿದ ಮೇಲೆ ಹೇಳದೆ ಇರಲು ಸಾಧ್ಯವಾಗಲಿಲ್ಲ. ಅಂಗಡಿಯ ಬಾಗಿಲು ಅರ್ಧ ಎಳೆದು ಬರೆಯುತ್ತಿದ್ದೇನೆ. ದೊರೆಗೆ ಹೊರಗೆ ನಿಂತುಕೋ, ಯಾರು ಬಂದರೂ ನಾಳೆ ಬನ್ನಿ ಅನ್ನು ಎಂದಿದ್ದೇನೆ. ಅವನಿಗೆ ಬಹಳ ಒಗ್ಗುವ ಕೆಲಸ.

ಆಗಸ್ಟ್‌ನಲ್ಲಿ ಜ್ವರ ಬಂದು ಮಲಗಿದ್ದೆ. ಸಣ್ಣ ಜ್ವರವಲ್ಲ. ದೊರೆ ದಿನಾ ಏನೋ ಬೇಯಿಸಿ ತಂದು, ತಿನ್ನುವ ತನಕ ಬಾಗಿಲಲ್ಲಿ ನಿಂತಿರುತ್ತಿದ್ದ. “ಸೊಸೆಗೆ ಬರೀಲಾ ಅಮ್ಮಾ?” ಎಂದ. “ಬರೆದ್ರೆ ನಿನ್ನ ಕೈ ಮುರೀತೀನಿ” ಎಂದೆ. ಬರೆದಿದ್ದರೆ ನೀನು ಮೊದಲ ಬಸ್ಸಿಗೇ ಓಡಿ ಬರುತ್ತಿದ್ದೆ. ಬಂದರೆ ವಾಪಸ್ ಹೋಗುತ್ತಿರಲಿಲ್ಲ. ಮತ್ತೆ ಅದೇ ಇಸ್ತ್ರಿ, ಅದೇ ಹಬೆ. ನನ್ನ ಮಗ ಹೋದ ಮೇಲೆ ನೀನು ಹಬೆಯ ಹಿಂದೆ ನಿಂತು ಅಳುತ್ತಿದ್ದದ್ದು ನನಗೆ ಕಾಣುವುದಿಲ್ಲ ಎಂದುಕೊಂಡಿದ್ದೆಯಾ? ನನಗೆ ಮಂದವಾಗಿರುವುದು ಕಿವಿ, ಕಣ್ಣಲ್ಲ. ಅದಕ್ಕೇ ಕಳಿಸಿದೆ. ನೀನು ಬೇಡವಾಗಿ ಕಳಿಸಲಿಲ್ಲ. ನಿನ್ನನ್ನು ಹಾಗೆ ನೋಡುವುದು ಬೇಡವಾಗಿತ್ತು.

ಆ ಒಂದು ಸಾಲಿನ ವಿಷಯ. ನನಗೂ ಅದು ಉತ್ತರವಾಗಿರಲಿಲ್ಲ. ಆದರೆ ನೀನು ಅದನ್ನು ಹಿಡಿದುಕೊಂಡು ನಿಂತಿದ್ದೆ. ನಿನ್ನ ಕೈಯಿಂದ ಕಿತ್ತುಕೊಳ್ಳುವುದು ಹೇಗೆ? ನಿಜವಾದ ಕಾರಣ ತಿಳಿದರೂ ಅವನೇನು ಸೈಕಲ್ಲಿಗೆ ಬಟ್ಟೆಗಂಟು ಕಟ್ಟಿಕೊಂಡು ಬಂದು ಬಾಗಿಲು ಬಡಿಯುವುದಿಲ್ಲ. ನೀನು ಮೆಟ್ಟಿಲ ಮೇಲೆ ಕೂತದ್ದನ್ನು ಓದಿ ನಾನು ಇಲ್ಲಿ ಕೌಂಟರಿನ ಹಿಂದೆ ಕೂತೆ. ದೊರೆ ಬಂದು ಕೂತ. ಅವನಿಗೆ ಸುಮ್ಮನೆ ಕೂರಲು ಬರುವುದಿಲ್ಲ, ಹಡಗಿನಲ್ಲಿ ಸತ್ತ ಕೋಳಿಯ ಕಥೆ ಹೇಳಿದ. ಅಳುತ್ತಲೇ ನಗು ಬಂತು.

ಇನ್ನು ತಂಗಿ. ಅವಳ ಮನೆಯಲ್ಲಿ ಸಮುದ್ರ ಕಾಣುತ್ತದೆ, ನಿಜ. ಆದರೆ ಅವಳೂ ಕಾಣುತ್ತಾಳೆ. ಬೆಳಿಗ್ಗೆ ಎದ್ದರೆ ಮಲಗುವ ತನಕ ಅವಳ ಗಂಡನ ಮಂಡಿನೋವಿನ ಪುರಾಣ. ಎರಡು ದಿನ ನೆಂಟಸ್ತಿಕೆ, ಮೂರನೆಯ ದಿನ ಮಹಾಯುದ್ಧ. ಜುಲೈನಲ್ಲಿ ನಾನು ಅವಳ ಮಾತು ಎತ್ತಿದ್ದು, ನನ್ನನ್ನು ನೋಡಿಕೊಳ್ಳಬೇಕೆಂದು ನೀನು ಇಲ್ಲಿಗೆ ಓಡಿಬರಬಾರದು ಎಂದು. ನೀನು ‘ಹೋಗಿ’ ಎಂದು ಬರೆದ ಮೇಲೆ, ಓಹೋ, ಇವಳಿಗೆ ಬಿಡುಗಡೆ ಬೇಕಾಗಿದೆ ಎಂದುಕೊಂಡೆ. ಗಾದೆ ಹೊಳೆಯಲಿಲ್ಲ. ಬೈಯಲು ಅಧಿಕಾರವಿಲ್ಲ ಎನಿಸಿತು.

ಅದೇ ನೋಡು ವಿಷಯ. ಅಧಿಕಾರ. ನಿನ್ನ ಅಣ್ಣ ಆ ಸಾವಿನ ಮನೆಗೆ ಬಂದು, “ಇನ್ನು ಅವಳನ್ನ ನಾವು ಕರ್ಕೊಂಡು ಹೋಗ್ತೀವಿ, ನಿಮಗ್ಯಾಕೆ ತೊಂದ್ರೆ” ಎಂದಾಗ ತಡೆಯಲು ನಾನು ಯಾರು ಎನಿಸಿತು. ನೀನು ಒಳಗಿನಿಂದ “ನಾನು ಬರಲ್ಲ” ಎಂದೆ, ಎರಡೇ ಮಾತು. ಅದು ನನ್ನ ಮೇಲಿನ ಕನಿಕರವೋ ಏನೋ ಎಂದು ಇಷ್ಟು ದಿನವೂ ಗೊತ್ತಿಲ್ಲ.

ಈಗ ನಾನು ಕೇಳುತ್ತೇನೆ. ನನ್ನ ಮಗ ಇದ್ದಾಗ ನಾನು ನಿನಗೆ ಅತ್ತೆ. ಅವನಿಲ್ಲ. ಈಗ ನಾನು ನಿನಗೆ ಏನಾಗಬೇಕು? ಉತ್ತರವನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಕೇಳುತ್ತಿಲ್ಲ. ಇಟ್ಟುಕೊಂಡಿದ್ದೇನೆ, ಆದರೆ ನಿನಗೆ ತೋರಿಸುವುದಿಲ್ಲ. ಪರೀಕ್ಷೆ ಮುಗಿಸಿ ಆಮೇಲೆ ಬರಿ. ಫೇಲಾದದ್ದನ್ನು ಮುಚ್ಚಿಟ್ಟದ್ದಕ್ಕೆ ಎದುರಿಗೆ ಸಿಕ್ಕಾಗ ಬೈಯುತ್ತೇನೆ.

ಅತ್ತೆ

ದೊರೆ ಇಣುಕಿ ನೋಡಿ, ನನ್ನದೂ ಒಂದು ಪ್ರಶ್ನೆ ಬರೀರಿ ಎನ್ನುತ್ತಿದ್ದಾನೆ. ರೇಷ್ಮೆಗೂ ಒದ್ದೆ ಬಟ್ಟೆ ಹಾಸಬೇಕೇ ಎಂದು. ಯಾಕೆ ಕೇಳುತ್ತಿದ್ದಾನೆಂದು ನಾನಿನ್ನೂ ಹೋಗಿ ನೋಡಿಲ್ಲ.


ನವೆಂಬರ್ ೨೧

ಅತ್ತೆ,

ಪಾಸಾದೆ. ಮೊದಲ ದರ್ಜೆಯೇನಲ್ಲ. ಹಾಜರಿ ಹುಡುಗಿಗೆ ನನಗಿಂತ ಬಹಳ ಹೆಚ್ಚು ಬಂದಿದೆ, ಆದರೆ ಕೂಗಿದ್ದು ಅವಳು ನನ್ನ ಹೆಸರು ನೋಡಿ. ನೆಲಮಾಳಿಗೆಯಲ್ಲಿ ಅಷ್ಟು ಜೋರಾಗಿ ಯಾರೂ ಕೂಗಿಲ್ಲವಂತೆ. ಮೇಡಂ ಕನ್ನಡಕ ಹುಡುಕುತ್ತಾ ಬಂದು ಏನಾಯ್ತು ಎಂದರು.

ಹುದ್ದೆಯೂ ಸಿಕ್ಕಿತು. ಡಿಸೆಂಬರ್ ಮೊದಲ ವಾರದಿಂದ ಕೆಲಸ. ಮೊದಲು ನೋಂದಣಿಯ ಕಿಟಕಿಯಲ್ಲಿ ಕೂರಿಸುತ್ತಾರೆ, ಆಮೇಲೆ ಕೆಳಗೆ ಕಡತಗಳಿಗೆ.

ನಿಮ್ಮ ಪ್ರಶ್ನೆಯನ್ನು ಇಷ್ಟು ದಿನ ಜೊತೆಗೇ ಇಟ್ಟುಕೊಂಡು ಓಡಾಡಿದೆ. ಏನು ಬರೆಯುವುದೆಂದು ಗೊತ್ತಾಗಲಿಲ್ಲ. ಮಾತು ನನಗೆ ಯಾವಾಗಲೂ ಹಾಗೆಯೇ, ಬೇಕಾದಾಗ ಬರುವುದಿಲ್ಲ. ನಿನ್ನೆ ಆಫೀಸಿನಲ್ಲಿ ನನ್ನ ವಿವರ ತುಂಬಿಸಿಕೊಳ್ಳುವಾಗ ಬಂತು. ಅಲ್ಲಿ ನಡೆದದ್ದನ್ನು ಹಾಗೇ ಬರೆಯುತ್ತೇನೆ.

ಅಲ್ಲಿದ್ದವರು ವಯಸ್ಸಾದ ಗುಮಾಸ್ತರು, ಒಳ್ಳೆಯವರೇ. ಎಲ್ಲ ಆದ ಮೇಲೆ, “ತುರ್ತು ಅಂತ ಬಂದ್ರೆ ಯಾರಿಗೆ ತಿಳಿಸ್ಬೇಕಮ್ಮಾ?” ಎಂದರು. ನಿಮ್ಮ ಹೆಸರು ಹೇಳಿದೆ.

“ಇವರು ನಿಮಗೆ ಏನಾಗಬೇಕು?”

“ಅತ್ತೆ.”

“ಯಜಮಾನ್ರ ಹೆಸರು ಹೇಳಿ, ಅವರದ್ದೇ ಮೊದಲು ಹಾಕೋಣ.”

“ಅವರು ತೀರ್ಕೊಂಡಿದಾರೆ.”

ಅವರು ಪೆನ್ನು ಎತ್ತಿದರು. “ಹಾಗಾದ್ರೆ ತವರಿನ ಕಡೆಯವರು ಯಾರನ್ನಾದ್ರೂ ಹೇಳ್ತೀರಾ? ಸ್ವಂತದವರು?”

“ಅಣ್ಣ ಇದಾನೆ. ಕರೆದ್ರೆ ಬರ್ತಾನೆ,” ಎಂದೆ. “ಇವರು ಕರೀಬೇಡ ಅಂದ್ರೂ ಬರ್ತಾರೆ. ಸ್ವಂತದವರು ಅಂದ್ರೆ ಇವರೇ. ಅತ್ತೆ ಅಂತಾನೇ ಬರ್ಕೊಳ್ಳಿ ಸಾರ್, ನಾನು ಆ ಹೆಸರು ಬಿಡಲ್ಲ.”

ಅಷ್ಟು ಜೋರಾಗಿ ಹೇಳಿದೆನೇನೋ, ಪಕ್ಕದ ಮೇಜಿನವರು ತಿರುಗಿ ನೋಡಿದರು. ಗುಮಾಸ್ತರು ಬರೆದುಕೊಂಡರು. ಆಮೇಲೆ, “ಅವರ ವಿಳಾಸ?” ಎಂದರು.

ಅಂಗಡಿಯ ವಿಳಾಸ ಹೇಳಬೇಕೆಂದೇ ಬಾಯಿ ತೆರೆದೆ ಅತ್ತೆ. ಸೈಕಲ್ ಅಂಗಡಿಯ ಮೇಲಿನ ಕೋಣೆಯದು ಬಂತು. “ಇದು ನಿಮ್ಮದೇ ವಿಳಾಸ ಅಲ್ವಾ?” ಎಂದರು. ಹೌದು ಎಂದೆ. ಬರೆದುಕೊಂಡರು, ಮೊಹರು ಹಾಕಿದರು.

ಈಗ ದಿಗಿಲಾಗುತ್ತಿದೆ. ಕೆಲಸ ಶುರುವಾಗುವ ಮೊದಲೇ ದಾಖಲೆಯಲ್ಲಿ ಇಲ್ಲದ್ದನ್ನು ಬರೆಸಿದ್ದೇನೆ. ನನಗೆ ಕಲಿಸಿದ್ದೆಲ್ಲ ಇದಕ್ಕೆ ವಿರುದ್ಧ. ಈ ತಿಂಗಳ ಕೊನೆಯೊಳಗೆ ಹೋಗಿ ಹೇಳಿದರೆ ತಿದ್ದಿಕೊಳ್ಳುತ್ತಾರೆ. ಕೋಣೆ ಸಣ್ಣದು. ಮೆಟ್ಟಿಲು ಕಡಿದಾಗಿದೆ. ನಾನು ಕೆಲಸಕ್ಕೆ ಹೋದ ಮೇಲೆ ನಿಮಗೆ ಬೇಸರವಾಗಬಹುದು. ಅಂಗಡಿ ನಿಮ್ಮ ಕೈಯಿಂದ ಕಟ್ಟಿದ್ದು, ಬಿಡುವುದು ಸುಲಭವಲ್ಲ. ಇದೆಲ್ಲವನ್ನೂ ಇದ್ದ ಹಾಗೆ ಹೇಳಿದ್ದೇನೆ.

ತಿದ್ದಿಸಲೇ, ಬೇಡವೇ, ನೀವು ತಿಳಿಸಿ.

ನಿಮ್ಮ ಸೊಸೆ


ನವೆಂಬರ್ ೨೭

ಮಾತಿನಮಲ್ಲಿ,

ಉದ್ದ ಬರೆಯಲು ಪುರಸೊತ್ತಿಲ್ಲ, ಸಾಮಾನು ಕಟ್ಟುತ್ತಿದ್ದೇನೆ. ಅಂಗಡಿಯ ಬೀಗದ ಕೈ ದೊರೆಗೆ ಕೊಟ್ಟೆ. ಕಣ್ಣಲ್ಲಿ ನೀರು ತಂದುಕೊಂಡು, ನಾಳೆಯಿಂದ ಬೆಳಿಗ್ಗೆಯೇ ಬರುತ್ತೇನೆ ಎಂದು ಆಣೆ ಮಾಡಿದ. ಬ್ರೆಡ್ಡಿನಂಗಡಿಯವಳು, “ಸೊಸೆ ವಾಪಸ್ ಬರ್ತಾಳಾ ಅಂದ್ರೆ ನೀವೇ ಹೊರಟ್ರಲ್ಲ!” ಎಂದಳು.

ಮೆಟ್ಟಿಲು ಕಡಿದಾಗಿದ್ದರೆ ನಿಧಾನವಾಗಿ ಹತ್ತುತ್ತೇನೆ. ನನಗೆ ಅಲ್ಲಿ ಬೇಸರವಾದರೆ ನಿನಗೆ ಹೇಳುತ್ತೇನೆ, ತಂಗಿಯ ಮನೆಯ ವಿಷಯದಲ್ಲಿ ಮಾಡಿದ ಹಾಗೆ ಮನಸ್ಸಿನಲ್ಲಿ ಇಟ್ಟುಕೊಳ್ಳುವುದಿಲ್ಲ. ನಿನಗೆ ಬೇಸರವಾದರೆ ನೀನೂ ಹೇಳಬೇಕು, ಬಾಯಿಬಿಟ್ಟು. ಭಾನುವಾರದ ಬಸ್ಸಿಗೆ ಬರುತ್ತೇನೆ. ಎರಡನೆಯ ಮಂಚದ ಮೇಲಿನ ಬಟ್ಟೆ ತೆಗೆದಿಡು.

ವಿಳಾಸ ತಿದ್ದಿಸಬೇಡ.

ಅತ್ತೆ